ಹೆಚ್ಚಿನ ಒಂದು ಸುತ್ತು

ಕೋಟೆಯೊಳಗಿನ ಆ ಊರಿನಲ್ಲಿ ದಿನಾ ಸಂಜೆ ಗಾಳಿ ಬರುತ್ತದೆ. ಎಲೆ ಅಲ್ಲಾಡಿಸಿ, ಬೆವರು ಆರಿಸಿ ಹೋಗುವ ಸಾಧು ಗಾಳಿ ಅಂದುಕೊಳ್ಳಬೇಡಿ. ಮೊರ, ಮಂಚ, ಒನಕೆ, ತೊಟ್ಟಿಲು, ತೊಟ್ಟಿಲಲ್ಲಿ ಮಲಗಿದ ಕೂಸು, ಕಟ್ಟದೆ ಬಿಟ್ಟ ಯಾವುದನ್ನೂ ಉಳಿಸದೆ ಎತ್ತಿಕೊಂಡು ಹೋಗುವ ಗಾಳಿ ಅದು. ಕಟ್ಟಿದ್ದು ಕೋಟೆಯದು, ಕಟ್ಟದ್ದು ಗಾಳಿಯದು. ಗಾಳಿ ಒಯ್ದದ್ದನ್ನು ಯಾರೂ ಹುಡುಕಿಕೊಂಡು ಹೋಗಬಾರದು. ಅದರ ಹೆಸರನ್ನು ಮತ್ತೆ ಯಾರೂ ಎತ್ತಬಾರದು. ಊರು ಹುಟ್ಟಿದಾಗಿನಿಂದ ಕಟ್ಟಳೆ ಇದೇ.

ಕಟ್ಟಬೇಕೆಂದ ಮೇಲೆ ಕಟ್ಟುವವರು ಬೇಕಲ್ಲ. ಹೊತ್ತು ಇಳಿಯುವ ಮುಂಚೆ ಅವರು ಹಗ್ಗದ ಮನೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಹಗ್ಗ ಕೊಡಿ ಎನ್ನುತ್ತಿದ್ದರು. ಹೆಗಲ ತುಂಬ ಹಗ್ಗ ಹೊತ್ತು ಓಣಿ ಓಣಿ ಹೊಕ್ಕು ಬಾಗಿಲನ್ನು ಕಂಬಕ್ಕೆ, ಹಸುವನ್ನು ಗೂಟಕ್ಕೆ, ಮುದುಕರನ್ನು ಮಂಚಕ್ಕೆ, ಮಂಚವನ್ನು ಗೋಡೆಗೆ, ಗಂಟೆಯನ್ನು ಗೋಪುರಕ್ಕೆ ಕಟ್ಟುತ್ತಿದ್ದರು. ಬೆಳಗ್ಗೆ ಎಲ್ಲವನ್ನೂ ಬಿಚ್ಚಿ, ಹಗ್ಗ ಸುತ್ತಿ, ತಿರುಗಿ ಒಪ್ಪಿಸುತ್ತಿದ್ದರು. ಹಗ್ಗಕ್ಕೆ ಕತ್ತಿ ತಾಗಿಸುವಂತಿಲ್ಲ. ಊರನ್ನು ಹಿಡಿದಿಟ್ಟಿರುವುದೇ ಹಗ್ಗ, ಅದನ್ನು ಕೊಯ್ದವನು ಊರನ್ನೇ ಗಾಳಿಗೆ ಕೊಟ್ಟ ಹಾಗೆ. ದೊಡ್ಡ ಮನೆಗಳವರು ಕಟ್ಟಿಸಿಕೊಂಡು ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದರು. ಕಟ್ಟಿದವರ ಮುಖ ಅವರಲ್ಲಿ ಒಬ್ಬರಿಗೂ ನೆನಪಿರುತ್ತಿರಲಿಲ್ಲ.

ಕೋಟೆಗೆ ಬಾಯಿಲ್ಲ. ಕಲ್ಲಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಅದು ಒಬ್ಬ ಬಾಯಿಯವನನ್ನು ಬಾಡಿಗೆಗೆ ಇಟ್ಟುಕೊಂಡಿತ್ತು. ಕಟ್ಟುವವರನ್ನು ಕರೆಯುವುದು ಅವನ ಕೆಲಸ, ಕಳಿಸುವುದೂ ಅವನದೇ. ಇಸ್ತ್ರಿ ಬಟ್ಟೆ, ಬಾಯಿ ತುಂಬ ಎಲೆಯಡಿಕೆ. ಹಗ್ಗವನ್ನು ಅವನು ಜನ್ಮದಲ್ಲಿ ಮುಟ್ಟಿದವನಲ್ಲ. ಮುಟ್ಟಿದರೆ ನಾರು ಚುಚ್ಚುತ್ತದೆ.

ಕೋಟೆಗೆ ಸ್ವಂತದ್ದು ಅಂತ ಇದ್ದವನು ಕೈಯವನು. ಅವನು ಬಾಡಿಗೆಯವನಲ್ಲ, ಕೋಟೆಯೊಳಗೇ ಹುಟ್ಟಿ ಕೋಟೆಯ ಅನ್ನ ತಿಂದು ಬೆಳೆದವನು. ಕಟ್ಟುವವರಿಗೆ ಗಂಟು ಹಾಕಲು ಕಲಿಸುತ್ತಿದ್ದವನು ಅವನೇ. ಕಲಿಸುವುದೆಂದರೆ ಹಿಂದೆ ನಿಂತು ಬೈಯುವುದು. "ಹಾಗಲ್ಲ, ಹೀಗೆ" ಎಂದು ಕೈಯಿಂದ ಹಗ್ಗ ಕಿತ್ತುಕೊಳ್ಳುವುದು, ಗಂಟು ಬಿಚ್ಚಿ ಎಸೆಯುವುದು, ಮತ್ತೆ "ಹಾಗಲ್ಲ, ಹೀಗೆ" ಎನ್ನುವುದು. ಓಣಿಗಳಲ್ಲಿ ಸಂಜೆ ಗಾಳಿಗಿಂತ ಮುಂಚೆ ಕೇಳುತ್ತಿದ್ದದ್ದು ಆ ಮಾತು. ಹಾಗಲ್ಲ, ಹೀಗೆ. ಹಾಗಲ್ಲ, ಹೀಗೆ.

ಈ ಕೈಯವನಿಗೆ ಎಡಗೈ ಹೆಬ್ಬೆರಳು ಅರ್ಧ ಇರಲಿಲ್ಲ. ಹಗ್ಗದ ತುದಿ ಜಾರದಂತೆ ಒತ್ತಿ ಹಿಡಿಯಲು ಆಗದೆ ಅವನು ತೋರುಬೆರಳಿನ ಮೇಲೆ ಹೆಚ್ಚಿನ ಒಂದು ಸುತ್ತು ಹಾಕಿ ಆಮೇಲೆ ಗಂಟು ಬಿಗಿಯುತ್ತಿದ್ದ. ಆ ಸುತ್ತು ಬೇಕಾಗಿದ್ದದ್ದು ಅವನೊಬ್ಬನಿಗೆ. ಆದರೆ ಕಲಿತವರೆಲ್ಲ ಅವನನ್ನು ನೋಡಿ ಕಲಿತವರು. ಹತ್ತೂ ಬೆರಳು ನೆಟ್ಟಗಿದ್ದವರು ಕೂಡ ಆ ಹೆಚ್ಚಿನ ಸುತ್ತು ಹಾಕಿಯೇ ಹಾಕುತ್ತಿದ್ದರು. ಗಂಟು ಅಂದರೆ ಅದೇ ಎಂದು ತಿಳಿದಿದ್ದರು. ಬೇಡವೆಂದು ಬಿಟ್ಟರೆ ಹಿಂದಿನಿಂದ ಬೈಗುಳ ಬರುತ್ತಿತ್ತು.

ಇನ್ನೊಂದು ಕಟ್ಟಳೆ ಇತ್ತು. ಅದನ್ನು ಹೇಳುವಾಗ ನನಗೆ ಮೈ ಉರಿಯುತ್ತದೆ, ಆದರೂ ಹೇಳಬೇಕು.

ವರ್ಷಕ್ಕೊಂದು ಬೆಳಗ್ಗೆ ಕಟ್ಟುವವರೆಲ್ಲ ಕೋಟೆಯ ಬಾಗಿಲಿಂದ ಹೊರಗೆ ಹೋಗಿ ನಿಲ್ಲಬೇಕು. ಬಾಗಿಲು ಮುಚ್ಚುತ್ತದೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು, ಅಷ್ಟೆ. ಮತ್ತೆ ತೆರೆಯುತ್ತದೆ. ಬಾಗಿಲವನು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಾನೆ.

"ಯಾವಾಗ ಬಂದೆ?"

"ಇವತ್ತೇ ಬಂದೆ."

"ಮುಂಚೆ ಎಲ್ಲಿದ್ದೆ?"

"ಎಲ್ಲೂ ಇರಲಿಲ್ಲ."

ಬಾಗಿಲವನು ಅದನ್ನು ಕೋಟೆಗೋಡೆಯ ಕಡೆ ತಿರುಗಿ ಕೂಗಿ ಹೇಳುತ್ತಾನೆ: "ಇವನು ಇವತ್ತೇ ಬಂದ! ಮುಂಚೆ ಎಲ್ಲೂ ಇರಲಿಲ್ಲ!" ಬಾಗಿಲವನು ಕೂಗಿದ್ದನ್ನು ಮಾತ್ರ ಕೋಟೆ ನಂಬುತ್ತದೆ. ತಲೆ ನೆರೆತವರು, ಬೆನ್ನು ಬಾಗಿದವರು, ಅಂಗೈಯಲ್ಲಿ ಹಗ್ಗದ ದಡ್ಡು ಕಟ್ಟಿಕೊಂಡವರು, ಎಲ್ಲರೂ ಇವತ್ತೇ ಬಂದೆ ಎಂದು ಹೇಳಿ ಒಳಗೆ ಬರುತ್ತಿದ್ದರು. ಹೇಳದಿದ್ದರೆ ಹಗ್ಗ ಇಲ್ಲ.

ಅವರಲ್ಲೊಬ್ಬಳು ಕಟ್ಟುವವಳು. ಅವಳ ಗಂಡನೂ ಕಟ್ಟುವವನಾಗಿದ್ದ. ಒಂದು ಸಂಜೆ ಗೋಪುರದ ಗಂಟೆಗೆ ಹಗ್ಗ ಬಿಗಿಯುತ್ತಿದ್ದಾಗ ಗಾಳಿ ಹೊತ್ತಿಗೆ ಮುಂಚೆ ಬಂತು. ಗಂಟೆ ಉಳಿಯಿತು, ಅವನು ಉಳಿಯಲಿಲ್ಲ. ಅವಳು ಬಾಯಿಯವನ ಹತ್ತಿರ ಹೋಗಿ ಅತ್ತಾಗ ಅವನು ಎಲೆಯಡಿಕೆ ಅಗಿಯುತ್ತಲೇ, "ಅವನು ಈ ವರ್ಷ ಬಂದವನಲ್ವೇನಮ್ಮ? ಹೊಸಬ. ಹೊಸಬರಿಗೆ ಕೋಟೆ ಏನು ಮಾಡೋಕಾಗುತ್ತೆ?" ಎಂದ. ಗಾಳಿ ಒಯ್ದವರ ಹೆಸರು ಎತ್ತಬಾರದು ಎಂದೂ ನೆನಪಿಸಿದ. ಗಂಡನ ಹೆಸರು ಹೇಳದೆ ಇರುವುದು ಅವಳಿಗೆ ಹೇಗೂ ರೂಢಿಯಾಗಿತ್ತು. ಕೋಟೆಗೆ ಅದು ಎಷ್ಟು ಅನುಕೂಲವಾಯಿತು ನೋಡಿ.

ಮನೆಯಲ್ಲಿ ಉಳಿದವಳು ಅತ್ತೆ. ಅವಳೂ ಒಂದು ಕಾಲದಲ್ಲಿ ಕಟ್ಟುವವಳೇ. ಈಗ ಕಾಲು ಬಿದ್ದುಹೋಗಿತ್ತು, ಬೆರಳು ಸೊಟ್ಟಗಾಗಿದ್ದವು, ನಾಲಿಗೆ ಮಾತ್ರ ಗಟ್ಟಿಯಾಗಿತ್ತು. ಎಲ್ಲಿಗೆ ಹೋಗಬೇಕಾದರೂ ಸೊಸೆ ಅವಳನ್ನು ಬೆನ್ನಿಗೆ ಒಂದು ಹಳೆಯ ಹಗ್ಗದಿಂದ ಕಟ್ಟಿಕೊಂಡು ಹೋಗುತ್ತಿದ್ದಳು. ಅತ್ತೆ ಬೆನ್ನ ಮೇಲೆ ಕೂತು ಊರನ್ನೆಲ್ಲ ಬೈದುಕೊಂಡು ಹೋಗುತ್ತಿದ್ದಳು.

ಒಂದು ದಿನ ಹಗ್ಗದ ಮನೆಯ ಬಾಗಿಲು ತೆಗೆಯಲಿಲ್ಲ.

"ಹಗ್ಗ ಕೊಡಿ" ಎಂದರು ಕಟ್ಟುವವರು. ಯಾರೂ ಕೊಡಲಿಲ್ಲ. ಬಾಯಿಯವನು ಬಂದು, "ಇವತ್ತಿನಿಂದ ನಿಮಗೆ ಹಗ್ಗ ಇಲ್ಲ. ಮನೆಯವರನ್ನೂ ಕರ್ಕೊಂಡು ಬಾಗಿಲ ಹೊರಗೆ ಬನ್ನಿ. ಬಿಸಿಲಿದೆ, ಬೆಲ್ಲ ನೀರು ಇಟ್ಟಿದ್ದೀವಿ, ಕುಡಿದು ಹೊರಡಿ" ಎಂದ. ಯಾಕೆ ಎಂದು ಕೇಳಿದರೆ ನನಗೇನು ಗೊತ್ತು ಎಂದ. ನಿನ್ನೆ ಸಂಜೆ ಕಟ್ಟಿದ ಗಂಟುಗಳು ಇನ್ನೂ ಕೆಲವು ಮನೆಗಳಲ್ಲಿ ಬಿಚ್ಚದೆ ಹಾಗೇ ಇದ್ದವು.

ಬಾಗಿಲ ಹೊರಗೆ ನಿಜವಾಗಿಯೂ ತಂಬಿಗೆಗಳಲ್ಲಿ ಬೆಲ್ಲ ನೀರು ಇಟ್ಟಿದ್ದರು. ಕೋಟೆಯವರು ಅಂಥ ಒಳ್ಳೆಯವರು. ಬಾಯಾರಿದವರು ಕುಡಿದರು. ಅತ್ತವರೂ ಕಣ್ಣು ಒರೆಸಿಕೊಂಡು ಕುಡಿದರು. ಕಟ್ಟುವವಳ ಸರದಿ ಬಂದಾಗ ಅವಳ ಬೆನ್ನ ಮೇಲಿದ್ದ ಅತ್ತೆ ಕೈ ಚಾಚಿದಳು.

"ಮೊದ್ಲು ನಂಗೆ ಕೊಡ್ಲಾ."

"ನಿಂಗಿಲ್ಲ ಅಜ್ಜಿ," ಎಂದ ನೀರು ಕೊಡುವವನು. "ಇದು ಕಟ್ಟೋರಿಗೆ ಮಾತ್ರ."

"ಏನಂದೆ? ನನ್ನ ಬೆರಳು ನೋಡ್ಲಾ ಇಲ್ಲಿ. ಇವು ಹುಟ್ಟುವಾಗ್ಲೇ ಸೊಟ್ಟ ಇದ್ವಾ? ನಿಮ್ಮಪ್ಪನ ತೊಟ್ಟಿಲು ಕಟ್ಟಿ ಕಟ್ಟಿ ಹಿಂಗಾದ್ವು. ನಂಗಿಲ್ವಂತೆ ನೀರು! ತಗೊಂಡೋಗಿ ನಿಮ್ಮ ಕೋಟೆ ಬಾಯಿಗೆ ಹುಯ್ಯಿ!"

ಹೀಗೆಂದು ಮುದುಕಿ ಉಳಿದಿದ್ದ ಅಷ್ಟಿಷ್ಟು ಬಲವನ್ನೂ ಒಂದು ಕಾಲಿಗೆ ತಂದುಕೊಂಡು ತಂಬಿಗೆಗೆ ಒದ್ದಳು. ಸೊಸೆಯ ಪಾಲಿನ ನೀರೂ ಮಣ್ಣುಪಾಲಾಯಿತು. ಸೊಸೆಗೆ ಅತ್ತೆಯ ಮೇಲೆ ಸಿಟ್ಟು ಬಂತು, ಗಂಟಲು ಒಣಗಿತ್ತು ಅವಳಿಗೂ.

ಎಲ್ಲರೂ ಕುಡಿದು ಮುಗಿಸಿದ ಮೇಲೆ ಬಾಗಿಲವನು ಗೋಡೆಯ ಕಡೆ ತಿರುಗಿದ. "ನೀರು ಕುಡಿದವರು ತಾವಾಗಿ ಹೊರಟರು!" ಎಂದು ಕೂಗಿದ. ಬಾಗಿಲು ಮುಚ್ಚಿತು. ಕುಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಯಲ್ಲಿ ಬೆಲ್ಲದ ರುಚಿ ಇನ್ನೂ ಇತ್ತು.

ಮಾರನೆಯ ದಿನ ಹೊಳೆಯಾಚೆಯಿಂದ ಹೊಸಬರು ಬಂದರು. ಯಾವಾಗ ಬಂದೆ ಎಂದರೆ ಇವತ್ತೇ ಬಂದೆ ಎಂದು ಸತ್ಯವನ್ನೇ ಹೇಳಿ ಒಳಗೆ ಹೋದರು. ಅವರನ್ನು ಕರೆದವನು ಒಬ್ಬ ಹೊಸ ಬಾಯಿಯವನು. ಹಳೆಯವನು ಗೋಡೆಯ ಹೊರಗೆ ಒಂದು ಕಲ್ಲಿನ ಮೇಲೆ ಕೂತಿದ್ದ, ಇಸ್ತ್ರಿ ಬಟ್ಟೆ ಮುದುಡಿತ್ತು. ಕಟ್ಟುವವಳು ಅವನ ಮುಂದೆ ಹೋಗಿ ನಿಂತಳು.

"ನೀವೇ ಅಲ್ವಾ ನಮ್ಮನ್ನ ಕರೆದದ್ದು? ನೀವೇ ಒಳಗೆ ಬಿಡಿಸಿ."

"ನನ್ನನ್ನೇ ಮುಚ್ಚಿಬಿಟ್ರಲ್ಲಮ್ಮ," ಎಂದ ಅವನು. "ನಾನು ಬರೀ ಬಾಯಿ. ಕೆಲಸ ಕೋಟೆಯದು. ಕೋಟೆಯನ್ನೇ ಕೇಳು."

ಅವಳು ಬಾಗಿಲ ಸಂದಿಯಲ್ಲಿ ಕೋಟೆಯನ್ನು ಕೇಳಿದಳು. ಹೊಸ ಬಾಯಿಯವನು ಉತ್ತರ ಕೊಟ್ಟ: "ಕೋಟೆ ನಿನ್ನನ್ನ ಕರೆದೇ ಇಲ್ಲ. ಕೋಟೆಗೆ ಬಾಯೆಲ್ಲಿದೆ ಕರೆಯೋಕೆ? ಕರೆದವನನ್ನೇ ಹೋಗಿ ಕೇಳು."

ಅಲ್ಲಿಂದ ಕಲ್ಲಿಗೆ, ಕಲ್ಲಿನಿಂದ ಬಾಗಿಲಿಗೆ. ಇಬ್ಬರೂ ಅವಳನ್ನು ಮರ್ಯಾದೆಯಿಂದಲೇ ಮಾತಾಡಿಸಿದರು. ಮರ್ಯಾದೆಯಿಂದ ಮಾತಾಡುತ್ತ ಕತ್ತು ಹಿಸುಕುವ ವಿದ್ಯೆ ಎಲ್ಲರಿಗೂ ಬರುವುದಿಲ್ಲ. ನೀರು ಕುಡಿದವರಲ್ಲಿ ಕೆಲವರು ಬೇರೆ ಊರಿನ ದಾರಿ ಹಿಡಿದರು, ಕೆಲವರು ಗೋಡೆಯ ಬುಡದಲ್ಲೇ ಗುಂಡಿ ತೋಡಿ ಸಂಜೆ ಅದರೊಳಗೆ ಅಡಗಿ ಕೂತರು. ಕಟ್ಟುವವಳು ಒಂದು ಮೋಟು ಹುಣಸೆಮರ ಹುಡುಕಿ, ಸಂಜೆಯಾಗುವ ಹೊತ್ತಿಗೆ ಅತ್ತೆಯನ್ನೂ ತನ್ನನ್ನೂ ಅದಕ್ಕೆ ಬಿಗಿದುಕೊಂಡಳು. ಹಗಲು ದಾರಿಹೋಕರ ಗಂಟುಮೂಟೆ ಕಟ್ಟಿಕೊಟ್ಟು ಹಿಡಿ ರಾಗಿ ತರುತ್ತಿದ್ದಳು.

ಊರಾಚೆಯ ಮಂಟಪದಲ್ಲಿ ಕಿವಿಯವನು ಇದ್ದ. ಊರಿನ ಅಳಲನ್ನು ಕೇಳಲೆಂದೇ ಅವನನ್ನು ಅಲ್ಲಿ ಕೂರಿಸಿದ್ದರು. ಕಟ್ಟುವವಳು ಎಲ್ಲವನ್ನೂ ಹೇಳಿದಳು, ಅತ್ತೆ ನಡುನಡುವೆ ಬೈಗುಳ ಸೇರಿಸಿದಳು. ಕಿವಿಯವನು ಕಣ್ಣು ಮುಚ್ಚಿಕೊಂಡು ಕೇಳಿದ.

"ನನ್ನ ಕೆಲಸ ಕೇಳೋದು. ಹೇಳೋದಲ್ಲ," ಎಂದ ಕೊನೆಗೆ. "ಕೋಟೆಯವರನ್ನ ಕರೀತೀನಿ. ಇಬ್ಬರೂ ಕೂತು ಒಪ್ಪಿದ್ರೆ ಸರಿ. ಇಲ್ಲದಿದ್ರೆ ಒಪ್ಪಲಿಲ್ಲ ಅಂತ ತೂಗುವವಳಿಗೆ ಹೇಳಿ ಕಳಿಸ್ತೀನಿ."

"ಕೇಳಿ ಕೇಳಿ ಇವನ ಕಿವಿ ಅಷ್ಟಗಲ ಆಗೈತೆ, ಪ್ರಯೋಜನ ಏನ್ ಬಂತು?" ಎಂದಳು ಅತ್ತೆ.

ಕಿವಿಯವನು ಅದನ್ನೂ ಕೇಳಿದ. ಸಿಟ್ಟಾಗಲಿಲ್ಲ. ಅವರು ಎದ್ದು ಹೊರಟಾಗ ತಗ್ಗಿದ ದನಿಯಲ್ಲಿ, "ಹೇಳೋದು ನನ್ನ ಕೆಲಸ ಅಲ್ಲ. ಆದ್ರೂ ಹೇಳ್ತೀನಿ. ದಿನಾ ಹೊತ್ತು ಇಳಿಯೋ ಮುಂಚೆ ಹೋಗಿ ಬಾಗಿಲಲ್ಲಿ ನಿಂತು ಹಗ್ಗ ಕೇಳು. ಕೊಡಲ್ಲ ಅಂತ ಗೊತ್ತಿದ್ರೂ ಕೇಳು. ನಾಲ್ಕು ಜನ ನೋಡೋ ಹಾಗೆ ಕೇಳು" ಎಂದ.

ಅವಳು ಹಾಗೇ ಮಾಡಿದಳು. ಬಿಸಿಲಿರಲಿ, ದೂಳಿರಲಿ, ಹೊತ್ತು ಇಳಿಯುವ ಮುಂಚೆ ಅತ್ತೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಾಗಿಲಿಗೆ ಹೋದಳು. "ಹಗ್ಗ ಕೊಡಿ" ಎಂದಳು. "ಇಲ್ಲ" ಎಂದ ಬಾಗಿಲವನು. ಮಾರನೆಯ ದಿನ ಮತ್ತೆ ಹಗ್ಗ ಕೊಡಿ. ಮತ್ತೆ ಇಲ್ಲ. ಬಾಗಿಲವನಿಗೆ ಮೊದಮೊದಲು ನಗು ಬಂತು, ಆಮೇಲೆ ಬೇಸರ ಬಂತು, ಆಮೇಲೆ ಅವಳು ಬರುವ ಹೊತ್ತಿಗೆ ಅವನೇ ಕಿಂಡಿಯಲ್ಲಿ ಇಣುಕತೊಡಗಿದ. ಗೋಡೆಯ ಬುಡದ ಗುಂಡಿಗಳಿಂದ ನೀರು ಕುಡಿದವರು ತಲೆ ಎತ್ತಿ ನೋಡುತ್ತಿದ್ದರು.

ಕೋಟೆ ಮಂಟಪಕ್ಕೆ ಬರಲಿಲ್ಲ. ಕರೆದಾಗಲೆಲ್ಲ ಹೊಸ ಬಾಯಿಯವನನ್ನು ಕಳಿಸಿತು, ಅವನು ಈ ಹೆಂಗಸನ್ನು ನಾನು ನೋಡೇ ಇಲ್ಲ ಎಂದು ಹೇಳಿ ಹೋದ. ಇಬ್ಬರ ನಡುವೆ ಒಪ್ಪಿಗೆಯಾಗಲಿಲ್ಲ ಎಂದು ಕಿವಿಯವನು ತೂಗುವವಳಿಗೆ ಹೇಳಿ ಕಳಿಸಿದ.

ತೂಗುವವಳ ತಕ್ಕಡಿ ಒಂದು ಬೋಳು ಬಂಡೆಯ ಮೇಲಿತ್ತು. ಎರಡು ಕಂಬ, ನಡುವೆ ತೊಲೆ, ತೊಲೆಗೆ ಎರಡು ತಟ್ಟೆ. ಒಬ್ಬರು ಹೇಳಿದ್ದು ನಿಂತರೆ ಅವರ ತಟ್ಟೆಗೆ ಕಲ್ಲು ಬೀಳುತ್ತದೆ. ಕಟ್ಟುವವಳು ಬಾಯಿ ತೆರೆಯುವ ಮುಂಚೆಯೇ ಅವಳ ಕಣ್ಣು ತುಂಬಿತು.

"ಕಣ್ಣೀರು ನಾನು ತೂಗೋದಿಲ್ಲ," ಎಂದಳು ತೂಗುವವಳು. "ಅದು ಬೇಗ ಆರಿಹೋಗುತ್ತೆ. ಬೇರೆ ಏನಿದೆ ತಾ."

ಕೋಟೆಯ ಕಡೆ ಹೊಸ ಬಾಯಿಯವನು, ಹಳೆಯ ಬಾಯಿಯವನು, ಬಾಗಿಲವನು, ಕೈಯವನು ನಿಂತಿದ್ದರು. ಹಳೆಯವನ ಬಟ್ಟೆಗೆ ಮತ್ತೆ ಇಸ್ತ್ರಿ ಬಂದಿತ್ತು. ಅವನಿಗೆ ಕೋಟೆ ಏನು ಆಸೆ ತೋರಿಸಿತ್ತು ಎಂದು ಹೇಳಬೇಕಾಗಿಲ್ಲ. ಕೈಯವನಿಗೆ ಮಾತ್ರ ಬಾಯಿ ಬಿಡಕೂಡದು ಎಂದು ಹೇಳಿ ಕರೆತಂದಿದ್ದರು.

"ಇವಳು ತಾನಾಗಿ ಹೊರಟವಳು," ಎಂದ ಹೊಸ ಬಾಯಿಯವನು.

"ಬೆಲ್ಲ ನೀರು ಕುಡಿದಳಾ?" ಎಂದು ತೂಗುವವಳು ಬಾಗಿಲವನನ್ನು ಕೇಳಿದಳು.

"ಇಲ್ಲ. ಮುದುಕಿ ಒದ್ದುಬಿಟ್ಲು."

"ಆಮೇಲೆ ಇವಳು ಹಗ್ಗ ಕೇಳೋಕೆ ಬಂದಿದ್ದುಂಟಾ?"

ಬಾಗಿಲವನು ಬಾಯಿಯವರ ಮುಖ ನೋಡಿದ. ಸುಳ್ಳು ಹೇಳಲು ಹೋದ, ಆದರೆ ಗುಂಡಿಗಳಿಂದ ಎದ್ದು ಬಂದವರು ಹಿಂದೆ ನಿಂತಿದ್ದರು. "ದಿನಾ ಬಂದಳು" ಎಂದ. ಕಟ್ಟುವವಳ ತಟ್ಟೆಗೆ ಒಂದು ಕಲ್ಲು ಬಿತ್ತು.

"ಇವಳು ಬದುಕಿದ್ದಾಳೆ," ಎಂದ ಹೊಸ ಬಾಯಿಯವನು. "ಬದುಕಿದ್ದಾಳೆ ಅಂದ್ರೆ ಉಣ್ತಿದ್ದಾಳೆ. ಉಣ್ತಿದ್ದಾಳೆ ಅಂದ್ರೆ ಬೇರೆ ಕೆಲಸ ಸಿಕ್ಕಿದೆ. ಇನ್ನು ಕೋಟೆ ಯಾಕೆ ಬೇಕು?"

"ಸತ್ತು ಬಂದಿದ್ರೆ ಒಪ್ಕೋತಿದ್ಯಾ?" ಎಂದಳು ಅತ್ತೆ. ಆ ಮಾತಿಗೆ ಯಾವ ಕಡೆಗೂ ಕಲ್ಲು ಬೀಳಲಿಲ್ಲ.

ಹೊಸ ಬಾಯಿಯವನು ಮುಂದುವರಿಸಿದ: "ವರ್ಷ ವರ್ಷ ಇವಳೇ ಹೇಳಿದಾಳೆ, ಇವತ್ತೇ ಬಂದೆ ಅಂತ, ಮುಂಚೆ ಎಲ್ಲೂ ಇರಲಿಲ್ಲ ಅಂತ. ಇವತ್ತು ಬಂದವಳಿಗೆ ನಿನ್ನೆಯ ಕೆಲಸ ಹೋಯ್ತು ಅನ್ನೋದು ಹೇಗೆ?"

ಕೋಟೆಯ ತಟ್ಟೆಗೆ ಕಲ್ಲು ಬಿತ್ತು. ದೊಡ್ಡ ಕಲ್ಲು.

"ಕೊನೇ ಮಾತು. ಇವಳು ಕೋಟೆಯವಳೇ ಅಲ್ಲ. ಕರೆದದ್ದು, ಕಲಿಸಿದ್ದು, ಕೆಲಸ ಹೇಳಿದ್ದು ಎಲ್ಲ ಈ ಹಳೇ ಬಾಯಿ. ಅಲ್ವೇನಯ್ಯ?"

"ಹೌದು. ಗಂಟು ಹಾಕೋದನ್ನ ನಾನೇ ಕಲಿಸಿದ್ದು," ಎಂದ ಹಳೆಯವನು ನಾಚಿಕೆಯಿಲ್ಲದೆ.

ಇನ್ನೊಂದು ಕಲ್ಲು. ಕೋಟೆಯ ತಟ್ಟೆ ಬಂಡೆಗೆ ತಾಗಿತು. ತೂಗುವವಳು ಕಟ್ಟುವವಳ ಕಡೆ ನೋಡಿದಳು. ಆ ನೋಟದಲ್ಲಿ ಕರುಣೆಯೇನೂ ಇರಲಿಲ್ಲ. "ಮತ್ತೇನಿದೆ ನಿನ್ನ ಹತ್ರ?"

ಏನೂ ಇರಲಿಲ್ಲ. ಅತ್ತೆ ಇದ್ದಳು, ಅತ್ತೆಯನ್ನು ಕಟ್ಟಿದ್ದ ಹಗ್ಗ ಇತ್ತು. ಕಟ್ಟುವವಳಿಗೆ ತಲೆಯಲ್ಲಿ ಏನೂ ಹೊಳೆಯಲಿಲ್ಲ. ಅತ್ತೆಯನ್ನು ಕೆಳಗಿಳಿಸಿ ಆ ಹಗ್ಗ ತೆಗೆದು ತಕ್ಕಡಿಯ ಕಂಬಕ್ಕೆ ಸುತ್ತಿ ಗಂಟು ಬಿಗಿದಳು, ಯಾವತ್ತೂ ಹಾಕುವ ಗಂಟೇ.

"ಇವರೇ ಕಲಿಸಿದ್ರಂತಲ್ಲ," ಎಂದಳು. "ಬಿಚ್ಚಲಿ."

ಹಳೆಯ ಬಾಯಿಯವನು ನಗುತ್ತ ಮುಂದೆ ಬಂದ. ಒಂದು ತುದಿ ಎಳೆದ, ಗಂಟು ಬಿಗಿಯಿತು. ಇನ್ನೊಂದು ಎಳೆದ, ಇನ್ನೂ ಬಿಗಿಯಿತು. ಉಗುರು ಹಾಕಿ ಕೆದಕಿದ, ನಾರು ಚುಚ್ಚಿ ರಕ್ತ ಬಂತು. ಎಲ್ಲರೂ ನೋಡುತ್ತಿದ್ದಂತೆ ಬಗ್ಗಿ ಹಲ್ಲು ಹಾಕಿ ಜಗ್ಗಿದ. ಕೋಟೆಯ ಕಡೆ ನಿಂತಿದ್ದ ಕೈಯವನು ಚಡಪಡಿಸತೊಡಗಿದ. ಕಣ್ಣು ಮುಚ್ಚಿದ, ತೆರೆದ. ಬೆರಳು ತಾವಾಗಿ ಆಡುತ್ತಿದ್ದವು. ಬಾಯಿಯವನು ಬಿಗಿದ ಗಂಟಿನ ಮೇಲೆ ಕಲ್ಲು ಜಜ್ಜಲು ಹೋದಾಗ ಅವನಿಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ಹಾಗಲ್ಲ!" ಎಂದು ಕಿರುಚಿದ. "ಹಾಗಲ್ಲ, ಹೀಗೆ!"

ಬಾಯಿಯವನನ್ನು ಪಕ್ಕಕ್ಕೆ ತಳ್ಳಿ, ಮೋಟು ಹೆಬ್ಬೆರಳನ್ನು ಹೆಚ್ಚಿನ ಸುತ್ತಿನೊಳಗೆ ತೂರಿಸಿ ಒಮ್ಮೆ ತಿರುಗಿಸಿದ. ಗಂಟು ಬಿಚ್ಚಿ ಹಗ್ಗ ಅವನ ಕಾಲ ಬುಡಕ್ಕೆ ಬಿತ್ತು.

ತೂಗುವವಳು ಅವನ ಎಡಗೈ ಹಿಡಿದು ಹೆಬ್ಬೆರಳನ್ನು ನೋಡಿದಳು. ಆಮೇಲೆ ಕಟ್ಟುವವಳ ಹೆಬ್ಬೆರಳನ್ನು ನೋಡಿದಳು.

"ನಿನ್ನ ಬೆರಳು ಸರಿ ಇದೆಯಲ್ಲ. ಆ ಸುತ್ತು ಯಾಕೆ ಹಾಕ್ತೀಯ?"

"ಅವರು ಹಾಕ್ತಾರೆ, ನಾವೂ ಹಾಕ್ತೀವಿ ತಾಯಿ. ಹಾಕದಿದ್ರೆ ಬೈತಾರೆ."

"ಬೈಯದೆ ಏನು ಮಾಡ್ಲಿ?" ಎಂದ ಕೈಯವನು, ಬಾಯಿ ಬಿಡಬಾರದೆನ್ನುವುದನ್ನು ಪೂರ್ತಿ ಮರೆತು. "ಒಂದು ದಿನಕ್ಕೆ ಬರೋ ವಿದ್ಯೆನಾ ಇದು? ಇವಳಿಗೆ ಕಲಿಸೋಕೆ ವರ್ಷಗಟ್ಟಲೆ ಬೈದಿದ್ದೀನಿ ನಾನು!"

"ಇವತ್ತೇ ಬಂದವಳನ್ನ ವರ್ಷಗಟ್ಟಲೆ ಬೈದೆಯಾ?" ಎಂದಳು ತೂಗುವವಳು.

ಕೈಯವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ತಡವಾಗಿತ್ತು. ತೂಗುವವಳು ಕೋಟೆಯ ತಟ್ಟೆಯ ಎರಡೂ ದೊಡ್ಡ ಕಲ್ಲುಗಳನ್ನು ಎತ್ತಿ ಕಟ್ಟುವವಳ ತಟ್ಟೆಗೆ ಹಾಕಿದಳು.

"ಇವಳು ಕೋಟೆಯವಳು. ಒಳಗೆ ಕರ್ಕೊಳ್ಳಿ. ನಡುವೆ ಕಡಿದುಹೋಗಿಲ್ಲ ಅನ್ನೋ ಹಾಗೆ ಕರ್ಕೊಳ್ಳಿ."

ಹಿಂದೆ ನಿಂತಿದ್ದವರು ಮುಂದೆ ಬಂದರು. ನಮ್ಮ ಗಂಟಿನಲ್ಲೂ ಅದೇ ಸುತ್ತು ಇದೆ, ನಮ್ಮನ್ನೂ ತೂಗಿ ಎಂದರು. "ನೀವು ನೀರು ಕುಡಿದವರು," ಎಂದಳು ತೂಗುವವಳು. "ಇದಕ್ಕಿಂತ ದೊಡ್ಡ ತಕ್ಕಡಿ ಎಲ್ಲೋ ಇದೆಯಂತೆ. ನಾನಂತೂ ನೋಡಿಲ್ಲ." ಅವರು ಗುಂಡಿಗಳಿಗೆ ಹಿಂದಿರುಗಿದರು. ಬಾಯಾರಿದವರಿಗೆ ನೀರು ಕೊಟ್ಟು ಹೊಟ್ಟೆಗೆ ಕಲ್ಲು ಹಾಕುವ ಊರಿಗೆ ಶಾಪ ಹಾಕಿ ನಾನೂ ಮುಂದೆ ಹೇಳುತ್ತೇನೆ.

ಅದೇ ಸಂಜೆ ಕಟ್ಟುವವಳು ಅತ್ತೆಯನ್ನು ಹೊತ್ತು ಬಾಗಿಲಿಗೆ ಬಂದಳು. ದೂರದಲ್ಲಿ ದೂಳು ಏಳುತ್ತಿತ್ತು. ಬಾಗಿಲವನು ಕಿಂಡಿ ತೆರೆದ.

"ಯಾವಾಗ ಬಂದೆ?"

ಅವಳಿಗೆ ಅರ್ಥವಾಗಲಿಲ್ಲ. "ತೂಗುವಮ್ಮ ಹೇಳಿದ್ದು ನೀನೂ ಕೇಳಿದೆಯಲ್ಲಣ್ಣ?"

"ಕೇಳ್ದೆ ತಾಯಿ. ಅದು ಬಂಡೆ ಮೇಲಿನ ಮಾತು. ಬಾಗಿಲು ತೆಗೀಬೇಕಾದ್ರೆ ಇಲ್ಲಿ ಕೇಳೋದನ್ನ ಇಲ್ಲಿ ಕೇಳಲೇಬೇಕು. ಎರಡು ಮಾತಲ್ವಾ? ಇಷ್ಟು ವರ್ಷ ಅಂದಿದ್ದೀಯ. ಅಂದು ಒಳಗೆ ಬಾ, ಗಾಳಿ ಬರ್ತಿದೆ."

ಬೆನ್ನ ಮೇಲಿನ ಅತ್ತೆ ದೂಳಿನ ಕಡೆ ತಿರುಗಿ ನೋಡಿದಳು. "ಅಂದ್ಬಿಡೆ," ಎಂದಳು. "ನಾನೆಷ್ಟು ಸಲ ಅಂದಿಲ್ಲ? ನಾಲಿಗೆ ಏನು ಸವೆದೋಯ್ತಾ?"

ಕಟ್ಟುವವಳು ಬಾಯಿ ತೆರೆದಳು. ಮಾತು ನಾಲಿಗೆಯ ತುದಿಗೆ ಬಂತು, ಬರುವ ದಾರಿ ಅದಕ್ಕೆ ಗೊತ್ತಿತ್ತಲ್ಲ. ಅಲ್ಲೇ ನಿಂತುಬಿಟ್ಟಿತು.

"ಎಲ್ಲೂ ಇರಲಿಲ್ಲ ಅಂತ ಅಂದ್ರೆ, ನಿಮ್ಮ ಮಗನೂ ಎಲ್ಲೂ ಇರಲಿಲ್ಲ ಅಂದ ಹಾಗಾಗುತ್ತೆ ಅತ್ತೆಮ್ಮ," ಎಂದಳು.

ದೂಳು ಹತ್ತಿರ ಬಂತು. ಮುದುಕಿಯ ಸೊಟ್ಟ ಬೆರಳು ಸೊಸೆಯ ಭುಜವನ್ನು ಹಿಡಿದುಕೊಂಡವು.

"ಕಟ್ಟು," ಎಂದಳು ಅತ್ತೆ. "ಗಟ್ಟಿಯಾಗಿ ಕಟ್ಟು."

ಬಾಗಿಲಿನ ಎರಡು ಕದಗಳಿಗೂ ಹೊರಗಡೆ ಒಂದೊಂದು ಕಬ್ಬಿಣದ ಬಳೆ ಇತ್ತು. ಕಟ್ಟುವವಳು ಆ ಬಳೆಗಳೊಳಗೆ ಹಗ್ಗ ತೂರಿಸಿ, ಅತ್ತೆಯನ್ನೂ ತನ್ನನ್ನೂ ಸೇರಿಸಿ ಕದಕ್ಕೆ ಬಿಗಿದು, ಹೆಚ್ಚಿನ ಸುತ್ತು ಹಾಕಿ ಗಂಟು ಹಾಕಿದಳು. ಗಂಟನ್ನು ಅಂಗೈಯೊಳಗೆ ಮುಚ್ಚಿ ಹಿಡಿದಳು. ಆಮೇಲೆ ಗಾಳಿ ಬಂತು. ಮುಖದ ಚರ್ಮ ಸುಲಿಯುವ ಹಾಗೆ ಬಂತು, ಅವಳ ಸೀರೆಯ ಸೆರಗನ್ನು ಹರಿದುಕೊಂಡು ಹೋಯಿತು. ಗೋಡೆಯ ಮೇಲಿನಿಂದ ದೊಡ್ಡ ಮನೆಗಳ ಮಂಚಗಳು, ಮೊರಗಳು, ಒಂದು ಉಯ್ಯಾಲೆಯ ಹಲಗೆ ಹಾರಿ ಹೋದವು. ಹೊಸಬರು ಕಟ್ಟಿದ್ದವು ಅವು. ಒಳಗಿನಿಂದ ಕೈಯವನ ಕೂಗು ಕೇಳುತ್ತಿತ್ತು: ಹಾಗಲ್ಲ, ಹೀಗೆ! ಹಾಗಲ್ಲ! ಅವಳಿಗೆ ಗಾಳಿಯ ನಡುವೆಯೇ ಖುಷಿಯಾಯಿತು. ಆಗಬಾರದೇನು?

ಬೆಳಗ್ಗೆ ಬಾಗಿಲು ತೆಗೆಯಲು ಬರಲಿಲ್ಲ. ಒಳಗಿನಿಂದ ಎಳೆದರು, ಜಗ್ಗಿದರು. ಕತ್ತಿ ಹಾಕುವಂತಿಲ್ಲ. ಹೊರಗೆ ದವಸದ ಗಾಡಿಗಳು ಬಂದು ಸಾಲಾಗಿ ನಿಂತವು, ಗುಂಡಿಗಳಿಂದ ಜನ ಎದ್ದು ಬಂದರು. ಕೊನೆಗೆ ಕೋಟೆ ತನ್ನ ಕೈಯವನನ್ನು ಗೋಡೆಯ ಮೇಲಿಂದ ಬುಟ್ಟಿಯಲ್ಲಿ ಇಳಿಬಿಟ್ಟಿತು. ಬುಟ್ಟಿಯ ಗಂಟು ಹೊಸಬರು ಹಾಕಿದ್ದು. ಅವನು ಅದನ್ನೇ ನೋಡುತ್ತ ಬೆವರುತ್ತ ಇಳಿದ.

"ಅಂಗೈ ತೆಗಿ," ಎಂದ ಕಟ್ಟುವವಳಿಗೆ. "ಬಿಚ್ಚಬೇಕು."

"ಮೊದ್ಲು ಬಾಗಿಲವನು ಕೇಳೋದು ಕೇಳಲಿ."

ಕೈಯವನು ಅವಳ ಬೆರಳುಗಳನ್ನು ಬಿಡಿಸಲು ಹೋದ. ಆಗಲಿಲ್ಲ. ಆ ಹಿಡಿತವನ್ನು ಕಲಿಸಿದವನು ಅವನೇ. ಕಿಂಡಿ ತೆರೆದುಕೊಂಡಿತು. ಬಾಗಿಲವನ ಕಣ್ಣು ಕಾಣಿಸಿತು, ನಿದ್ದೆಗೆಟ್ಟು ಕೆಂಪಾಗಿತ್ತು.

"ಯಾವಾಗ ಬಂದೆ?"

"ಹೋಗೇ ಇರಲಿಲ್ಲ."

"ಮುಂಚೆ ಎಲ್ಲಿದ್ದೆ?"

"ಇಲ್ಲೇ ಇದ್ದೆ. ನನ್ನ ಗಂಡನೂ ಇಲ್ಲೇ ಇದ್ದ. ಗೋಪುರದ ಗಂಟೆ ಕಟ್ತಿದ್ದ." ಅವಳು ಒಂದು ಸಲ ಉಸಿರು ಎಳೆದುಕೊಂಡಳು. ಮದುವೆಯಾದಾಗಿನಿಂದ ಆಡದ ಮಾತನ್ನು ಆಡಿದಳು. "ಹಲಗಯ್ಯ ಅಂತ ಅವನ ಹೆಸರು."

ಬೆನ್ನ ಮೇಲೆ ಅತ್ತೆ ಬಿಕ್ಕಿದಳು. ಗಾಡಿಯವರು ಎತ್ತುಗಳ ಗಂಟೆಯನ್ನು ಹಿಡಿದು ನಿಲ್ಲಿಸಿದರು. ಕೇಳಿದ್ದಕ್ಕೆ ಬಂದ ಉತ್ತರವನ್ನು ಕೂಗಲೇಬೇಕು, ಅದು ಬಾಗಿಲವನ ಕೆಲಸ. ಕೂಗದೆ ಬಾಗಿಲಿಲ್ಲ, ಬಾಗಿಲಿಲ್ಲದೆ ದವಸವಿಲ್ಲ. ಅವನು ಗೋಡೆಯ ಕಡೆ ತಿರುಗಿದ.

"ಇವಳು ಹೋಗೇ ಇರಲಿಲ್ಲ!" ಎಂದು ಕೂಗಿದ. "ಇಲ್ಲೇ ಇದ್ದಳು! ಹಲಗಯ್ಯನೂ ಇಲ್ಲೇ ಇದ್ದ!"

ಗೋಡೆಗೋಡೆಗೂ ಬಡಿದು ಆ ಹೆಸರು ಕೋಟೆಯೊಳಗೆಲ್ಲ ಸುತ್ತಿತು. ಗಾಳಿ ಒಯ್ದವನೊಬ್ಬನ ಹೆಸರು ಆ ಊರಿನಲ್ಲಿ ಕೇಳಿದ್ದು ಅದೇ ಮೊದಲು. ಗುಂಡಿಗಳಿಂದ ಬಂದವರಲ್ಲಿ ಒಬ್ಬ ತನ್ನ ತಮ್ಮನ ಹೆಸರನ್ನು ಮೆಲ್ಲಗೆ ಹೇಳಿ ನೋಡಿದ. ಪಕ್ಕದವಳು ತನ್ನ ಮಗಳ ಹೆಸರು ಹೇಳಿದಳು, ಸ್ವಲ್ಪ ಗಟ್ಟಿಯಾಗಿ.

ಕಟ್ಟುವವಳು ಅಂಗೈ ತೆರೆದಳು. ಕೈಯವನು ಬೆರಳು ಮುಂದೆ ಮಾಡಿದ. "ನೀವು ಬಿಡಿ" ಎಂದು ಅವಳೇ ಬಿಚ್ಚಿದಳು. ಕದಗಳು ಸರಿದವು.

ಬಾಗಿಲ ಒಳಗೆ ಹೊಸ ಬಾಯಿಯವನು ನಿಂತಿದ್ದ, ಮುಖದ ತುಂಬ ನಗು. ಅವನ ಪಕ್ಕದಲ್ಲಿ ನೀರು ಕೊಡುವವನು ತಂಬಿಗೆ ಹಿಡಿದು ಕಾಯುತ್ತಿದ್ದ. "ದಣಿದಿದ್ದೀರಿ, ಬಿಸಿಲು ಬೇರೆ. ಬೆಲ್ಲ ನೀರು ಕುಡೀರಿ," ಎಂದ ಬಾಯಿಯವನು.

ಇಬ್ಬರ ಗಂಟಲೂ ಒಣಗಿ ಬಿರಿಯುತ್ತಿತ್ತು. ಅತ್ತೆ ಸೊಸೆಯ ಭುಜದ ಮೇಲಿಂದ ಕತ್ತು ಚಾಚಿ ತಂಬಿಗೆಯನ್ನು ನೋಡಿದಳು.

"ಏನ್ಲಾ, ಇವತ್ತು ನಂಗೂ ಐತಾ?"

"ಐತಜ್ಜಿ, ನಿಂಗೂ ಐತೆ. ಹತ್ರ ಬಾ."

ಸೊಸೆ ಒಂದು ಹೆಜ್ಜೆ ಹತ್ತಿರ ಹೋದಳು. ಅತ್ತೆ ಕಾಲು ಚಾಚಿ ತಂಬಿಗೆಗೆ ಒದ್ದಳು. ಆಮೇಲೆ ಇಬ್ಬರೂ ತಮ್ಮ ಓಣಿಯ ಬಾವಿಯ ಕಡೆಗೆ ನಡೆದರು.